ಐವರು ಹಿಡಿಸುವ ತೊಟ್ಟಿ

ತೀರಿಹೋದವರು ಹನ್ನೊಂದನೆಯ ದಿನ ಮೀನಾಗಿ ಮನೆಗೆ ಮರಳುತ್ತಿದ್ದ ಕಾಲವದು. ಚಿಕ್ಕತಾಯಮ್ಮನ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಐವರಿದ್ದರು. ಅದರಲ್ಲಿ ಹಿಡಿಸುತ್ತಿದ್ದದ್ದೂ ಐವರೇ. ಎಲ್ಲರಿಗಿಂತ ಚಿಕ್ಕವಳು, ಆರು ವರ್ಷಕ್ಕೇ ಕಣ್ಣುಮುಚ್ಚಿದ ಮಗಳು ಗಿರಿಜೆ.

ಹೋದ ತಿಂಗಳು ನಾದಿನಿ ದೇವಮ್ಮಣ್ಣಿ, ತನ್ನ ಮನೆಯ ತೊಟ್ಟಿ ಬಿರುಕುಬಿಟ್ಟಿತೆಂದು, ತಂದೆಯನ್ನು ಬಕೆಟ್ಟಿನಲ್ಲಿ ಹೊತ್ತು ತಂದಳು. ಹೊಸಬರನ್ನು ಹದಿನೈದು ದಿನ ಬೇರೆ ನೀರಿನಲ್ಲಿಟ್ಟು ನೋಡಬೇಕೆಂಬುದು ಚಿಕ್ಕತಾಯಮ್ಮನಿಗೆ ಗೊತ್ತಿತ್ತು. ಬಚ್ಚಲ ಕಡೆ ಕೈ ತೋರಿಸಿದಳು.

"ನಮ್ಮಪ್ಪನ್ನ ಹೊರಗೆ ಕೂರಿಸ್ತೀಯ ಅತ್ಗೆ? ಬದುಕಿದ್ದಾಗ್ಲೇ ಜಗಲಿ ಮ್ಯಾಲೆ ಕೂತೋರಲ್ಲ ಅವರು."

ಮಾವನವರಲ್ಲವೇ. ಚಿಕ್ಕತಾಯಮ್ಮ ದೀಪ ಹಚ್ಚಿ, ಕೈಮುಗಿದು, ಅಂದೇ ಒಳಗೆ ಬಿಟ್ಟಳು.

ವಾರದೊಳಗೆ ಎಲ್ಲರ ಮೈಮೇಲೂ ರವೆ ಉದುರಿದಂತೆ ಬಿಳಿ ಚುಕ್ಕೆಗಳೆದ್ದವು. ಉಪ್ಪು ಹಾಕಿದ ನೀರಿನಲ್ಲಿ ದೊಡ್ಡವರು ಹೇಗೋ ಚೇತರಿಸಿಕೊಂಡರು. ಗಿರಿಜೆ ಮಾತ್ರ ಆ ಇಕ್ಕಟ್ಟಿನಲ್ಲಿ ಉಸಿರು ಸಾಲದೆ, ಮೇಲೆ ಬಂದು ಬಾಯಿ ತೆರೆದು ತೆರೆದು, ಇಂದು ಬೆಳಿಗ್ಗೆ ಮಗ್ಗುಲಾಗಿ ತೇಲಿದಳು. ಎರಡನೆಯ ಸಲ ಹೋದವರು ಮತ್ತೆ ಬರುವುದಿಲ್ಲ.

ಚಿಕ್ಕತಾಯಮ್ಮ ಮಗಳನ್ನು ತುಳಸಿಯ ಬುಡದಲ್ಲಿ ಮಣ್ಣು ಮಾಡಿ ಬಂದಾಗ ದೇವಮ್ಮಣ್ಣಿ ತೊಟ್ಟಿಯ ಮುಂದೆ ಬಕೆಟ್ ಹಿಡಿದು ನಿಂತಿದ್ದಳು.

"ಅಪ್ಪನ್ನ ಕರ್ಕೊಂಡು ಹೊಂಟೋಯ್ತೀನಿ ಅತ್ಗೆ. ಬಾಯಿ ಮಾಡಿ ಒಳಗೆ ಬುಡಿಸಿದೋಳು ನಾನೇ."

ಚಿಕ್ಕತಾಯಮ್ಮ ಅವಳ ಕೈಯಿಂದ ಬಕೆಟ್ ತೆಗೆದುಕೊಂಡು ಗೋಡೆಯ ಪಕ್ಕ ಕವುಚಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಒಂದು ಚಿಟಿಕೆ ಹಿಟ್ಟನ್ನು ನೀರಿಗೆ ಉದುರಿಸಿದಳು. ಎಲ್ಲರಿಗಿಂತ ಮೊದಲು ಮಾವನವರೇ ಮೇಲೆ ಬಂದರು.

"ಇರ್ಲಿ ಬುಡವ್ವ," ಎಂದಳು. "ಈಗ ಜಾಗ ಆಯ್ತಲ್ಲ."