ಕಲ್ಯಾಣಿ ಮೆಚ್ಚಿದ ಸಿನಿಮಾ

ಕಲ್ಯಾಣಿ ಕಿಟಕಿಯ ಪರದೆ ಎಳೆದಳು. ಮಧ್ಯಾಹ್ನ ಮೂರರ ಬಿಸಿಲು ಹೊರಗೇ ಉಳಿಯಿತು. ಸೋಫಾದ ತುದಿಯಲ್ಲಿ ಕುಳಿತಿದ್ದ ಸಂದೀಪ್, ಬಾಗಿಲು ಎಷ್ಟು ಹೆಜ್ಜೆ ದೂರ ಎಂದು ಎಣಿಸಿದ. ಆರು. ನಡುವೆ ಉದಯಶಂಕರರ ಚಾಚಿದ ಕಾಲು.

ಈ ಸಿನಿಮಾದಿಂದ ತಪ್ಪಿಸಿಕೊಳ್ಳಲು ಅವನು ಮಾಡದ ಉಪಾಯವಿರಲಿಲ್ಲ. ಪರದೇಶದ ಕ್ರೋಯ್ಡನ್ನಿನಲ್ಲಿ ನೆಲೆಸಿದ ನಾಲ್ಕು ಕನ್ನಡದ ಮನೆಗಳು ತಿಂಗಳ ಮೂರನೇ ಶನಿವಾರ ಒಟ್ಟಿಗೆ ಕುಳಿತು ಒಂದು ಚಿತ್ರ ನೋಡುವುದು ರೂಢಿ. ಯಾರ ಮನೆಯೋ ಅವರದೇ ಆಯ್ಕೆ. ಕಲ್ಯಾಣಿ ತನ್ನ ಸರದಿಗೆ ಆರಿಸಿದ್ದು ಯಾರೂ ಹೆಸರು ಕೇಳಿರದ ಒಂದು ಸೂಪರ್‌ಹೀರೋ ಚಿತ್ರ. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಹಳದಿ ಕೋಟಿನ ಹೆಂಗಸು. ಅವಳು ಅಂಗೈ ಎತ್ತಿದರೆ ಲಾರಿಯಾಗಲಿ ಬೆಂಕಿಯಾಗಲಿ ನಿಂತಲ್ಲೇ ನಿಲ್ಲುತ್ತದೆ. ಒಂದು ವಾರವೂ ಓಡದ ಚಿತ್ರ, ಈಗ ಹುಡುಕಿದರೂ ಸಿಗದು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅದರ ಡಿಸ್ಕ್ ಕಲ್ಯಾಣಿಯ ಕಣ್ಣಿಗೆ ಬಿದ್ದಿತ್ತು. ಇದಕ್ಕೆ ಅನ್ಯಾಯವಾಗಿದೆ, ಎಲ್ಲರೂ ನೋಡಲೇಬೇಕು ಎಂದು ಗ್ರೂಪಿನಲ್ಲಿ ಬರೆದು, ಡಿಸ್ಕಿನ ಮೇಲಿನ ಚಿತ್ರವನ್ನೂ ಹಾಕಿದ್ದಳು.

ಅದರಲ್ಲಿದ್ದ ಬೀದಿಯ ಗುರುತು ಸಂದೀಪನಿಗೆ ತಕ್ಷಣ ಸಿಕ್ಕಿತ್ತು.

ಎರಡು ವರ್ಷದ ಹಿಂದೆ ಅದೇ ಬೀದಿಯಲ್ಲಿ, ತನ್ನ ಆಫೀಸಿನ ಹತ್ತಿರ, ಕಲ್ಯಾಣಿಯ ಗಂಡ ಅಭಿಜಿತ್ ಸತ್ತಿದ್ದ. ಸಕ್ಕರೆ ಕಾಯಿಲೆಯವನು. ತಲೆಸುತ್ತಿ, ನಿಂತಿದ್ದ ವ್ಯಾನಿನ ಹಿಂದೆ ಬಿದ್ದು, ಫುಟ್‌ಪಾತಿನ ಕಲ್ಲಿಗೆ ತಲೆ ಬಡಿದಿದೆ ಎಂದರು. ನೋಡಿದವರಿಲ್ಲ, ಅಲ್ಲಿ ಕ್ಯಾಮೆರಾ ಇಲ್ಲ ಎಂದಿದ್ದರು ಪೊಲೀಸರು. ಹತ್ತು ವರ್ಷಗಳಿಂದ ಗೆಳೆಯನಾಗಿದ್ದ ಸಂದೀಪ್, ಆ ಹೊತ್ತಿಗೆ ತಾನು ಮೈಲುಗಟ್ಟಲೆ ದೂರದ ಕ್ಯಾನರಿ ವಾರ್ಫಿನ ಆಫೀಸಿನಲ್ಲಿದ್ದೆ ಎಂದು ಹೇಳಿ, ಹೆಣಕ್ಕೆ ಹೆಗಲು ಕೊಟ್ಟಿದ್ದ.

ಅವನು ಆಫೀಸಿನಲ್ಲಿರಲಿಲ್ಲ. ಆ ಬೀದಿಯಲ್ಲಿ, ಅಭಿಜಿತನ ಜೊತೆಯಲ್ಲಿದ್ದ. ಎದುರು ಬದಿಯಲ್ಲಿ ನಾಲ್ಕೈದು ಜನ ಕ್ಯಾಮೆರಾ ಇಟ್ಟುಕೊಂಡು ಹಳದಿ ಕೋಟಿನ ಹೆಂಗಸೊಬ್ಬಳನ್ನು ಅತ್ತಿಂದಿತ್ತ ನಡೆಸುತ್ತಿದ್ದರು. ಯಾವುದೋ ಜಾಹೀರಾತು ಇರಬೇಕು ಎಂದುಕೊಂಡಿದ್ದ. ಅದರಾಚೆಗೆ ನೆನೆಯದಿರುವುದನ್ನು ಎರಡು ವರ್ಷದಲ್ಲಿ ಕಲಿತಿದ್ದ.

ಕಳೆದ ತಿಂಗಳು ಜ್ವರವೆಂದು ತಪ್ಪಿಸಿಕೊಂಡ. ಕಲ್ಯಾಣಿ ಚಿತ್ರವನ್ನೇ ಮುಂದಕ್ಕೆ ಹಾಕಿದಳು. ಬೇರೆ ಚಿತ್ರಗಳ ಹೆಸರು ಹೇಳಿದ, ಇದನ್ನು ಕಳಪೆ ಎಂದು ಹಳಿದ. ಧಾರವಾಡದ ಉದಯಶಂಕರ್ ಬಿಡಲಿಲ್ಲ.

"ನೋಡದ ಸಿನಿಮಾದ ಮ್ಯಾಲೆ ಇಷ್ಟ್ಯಾಕ ಸಿಟ್ಟು ಸಂದೀಪ? ಅದೇನು ನಿಮ್ಮನ್ನ ಕಡೀತದೇನು?"

ಇವತ್ತು ಅವನ ಹೆಂಡತಿ ಅಕ್ಷರಶಃ ಕೈಹಿಡಿದು ಎಳೆದು ತಂದಿದ್ದಳು. ಒಳಗೆ ಕಾಲಿಡುತ್ತಲೇ ಕಲ್ಯಾಣಿ ಅವನ ಜಾಗ ತೋರಿಸಿದ್ದಳು: ಟಿವಿಗೆ ನೇರ ಎದುರು, ತನ್ನ ಪಕ್ಕದಲ್ಲಿ.

"ನಿದ್ದೆ ಮಾತ್ರ ಮಾಡಬೇಡಿ ಸಂದೀಪ್. ನಿಮಗೋಸ್ಕರಾನೇ ಹಾಕ್ತಿರೋದು."

ಚಿತ್ರ ಶುರುವಾಯಿತು. ಉದಯಶಂಕರ್ ಚುರುಮುರಿ ಅಗಿಯುತ್ತ ನಾಯಕಿಯ ಸಾಹಸಗಳಿಗೆ ನಕ್ಕರು. ಸಂದೀಪ್ ಏನನ್ನೂ ಕೇಳಲಿಲ್ಲ. ಪ್ರತಿ ದೃಶ್ಯದ ಹಿನ್ನೆಲೆಯಲ್ಲಿ ನಡೆದುಹೋಗುವ ಮುಖಗಳನ್ನಷ್ಟೇ ನೋಡುತ್ತಿದ್ದ. ಬಾಡಿಗೆಗೆ ಜನ ತರಲು ಗತಿಯಿಲ್ಲದ ತಂಡ. ದಾರಿಹೋಕರೇ ಅವರ ಜನಜಂಗುಳಿ. ಅರ್ಧ ಗಂಟೆ. ಮುಕ್ಕಾಲು. ಪಕ್ಕದಲ್ಲಿ ಕಲ್ಯಾಣಿ ರಿಮೋಟ್ ಕೈಗೆತ್ತಿಕೊಂಡಳು.

ಹಳದಿ ಕೋಟು ಬೀದಿಗಿಳಿಯಿತು. ಅವಳ ಹಿಂದೆ, ಬಿಳಿ ವ್ಯಾನಿನ ಪಕ್ಕ, ಇಬ್ಬರು ಗಂಡಸರು.

ಚಿತ್ರ ನಿಂತಿತು.

"ಇದು ನೀನಲ್ವಾ?" ಎಂದಳು ಸಂದೀಪನ ಹೆಂಡತಿ. ಯಾರೂ ಅಗಿಯುತ್ತಿರಲಿಲ್ಲ. ಪರದೆಯ ಮೇಲೆ ಅಭಿಜಿತ್ ಸ್ವಲ್ಪ ವಾಲಿದ್ದ. ಸಂದೀಪನ ಎರಡೂ ಕೈ ಅವನ ಹೆಗಲ ಮೇಲಿದ್ದವು.

ಸಂದೀಪ್ ಬಾಯಿ ತೆರೆದ. ಅಷ್ಟರಲ್ಲಿ ಕಲ್ಯಾಣಿ ಅವನತ್ತ ತಿರುಗಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಅವತ್ತು ನನ್ನ ಮೇಲೆ ಮುನಿಸಿಕೊಂಡು ತಿಂಡಿ ತಿನ್ನದೆ ಹೋದರು. ಒಬ್ಬರೇ ಬಿದ್ದರು, ಒಬ್ಬರೇ ಹೋದರು ಅಂತ ಎರಡು ವರ್ಷ ಬೆಂದಿದ್ದೀನಿ. ಒಬ್ಬರೇ ಇರಲಿಲ್ಲ. ತಲೆ ಸುತ್ತಿದಾಗ ನೀವು ಹಿಡ್ಕೊಂಡಿದ್ರಿ."

ಅವನು ಯಾಕೆ ಹೇಳಲಿಲ್ಲ ಎಂಬುದನ್ನೂ ಅವಳೇ ಹೇಳಿದಳು. ವೀಸಾ. ಆ ದಿನ ಅವನು ಅಭಿಜಿತನ ಆಫೀಸಿಗೆ ಗುಟ್ಟಾಗಿ ಇಂಟರ್‌ವ್ಯೂಗೆ ಬಂದಿದ್ದಿರಬೇಕು; ತನ್ನ ಕಂಪನಿಗೆ ತಿಳಿದರೆ ವೀಸಾಕ್ಕೆ ಅದು ಕೊಟ್ಟ ಸ್ಪಾನ್ಸರ್‌ಶಿಪ್ ಹೋಗುತ್ತಿತ್ತು, ಅರವತ್ತು ದಿನದಲ್ಲಿ ದೇಶ ಬಿಡಬೇಕಿತ್ತು. ಅಭಿಜಿತನನ್ನು ಕೂರಿಸಿ ನೀರು ತರಲು ಓಡಿರಬೇಕು, ಅಷ್ಟರಲ್ಲಿ ಎಲ್ಲ ಮುಗಿದಿರಬೇಕು. ಕೋಣೆಯಲ್ಲಿದ್ದವರೆಲ್ಲ ಆ ಭಯವನ್ನು ವರ್ಷಗಟ್ಟಲೆ ಉಂಡವರೇ. ಯಾರೂ ಪ್ರಶ್ನೆ ಕೇಳಲಿಲ್ಲ. ಉದಯಶಂಕರ್ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು.

"ಒಬ್ಬನ ಎದಿಯೊಳಗ ಇಷ್ಟು ದಿನ ಹೆಂಗ ಇಟ್ಕೊಂಡಿದ್ಯೋ ತಮ್ಮಾ."

ಸಂದೀಪ್ ಹೌದೆಂಬಂತೆ ತಲೆಯಾಡಿಸಿದ. ಆಮೇಲೆ ಅತ್ತ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಉಸಿರು ಎದೆಯ ತಳದವರೆಗೆ ಇಳಿಯಿತು. ಬದುಕಿದೆ ಎಂದುಕೊಂಡ.

ಕಲ್ಯಾಣಿ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನ ವೈರನ್ನು ಟಿವಿಗೆ ಚುಚ್ಚಿದಳು.

"ಇದರ ಡೈರೆಕ್ಟರ್‌ಗೆ ಬರೆದಿದ್ದೆ. ನಿಮ್ಮ ಸಿನಿಮಾನ ಇಡೀ ಕ್ರೋಯ್ಡನ್ನಿಗೆ ತೋರಿಸ್ತಿದ್ದೀನಿ ಅಂತ. ಪಾಪ, ಅದನ್ನ ಮೆಚ್ಚಿದವಳು ನಾನೊಬ್ಬಳೇ ಅಂತೆ. ಸಿನಿಮಾದಲ್ಲಿ ಇವರು ಇರೋದು ನಾಲ್ಕೇ ಸೆಕೆಂಡು, ಉಳಿದದ್ದು ಇದ್ದರೆ ಕೊಡಿ ಅಂದೆ. ಇವತ್ತು ಬೆಳಿಗ್ಗೆ ಪೂರ್ತಿ ಶಾಟ್ ಕಳಿಸಿದ್ದಾರೆ. ನಾನೂ ನೋಡಿಲ್ಲ. ನಿಮ್ಮ ಜೊತೆ ನೋಡೋಣ ಅಂತ ಇಟ್ಕೊಂಡಿದ್ದೆ."

ಅವಳು ಗುಂಡಿ ಒತ್ತಿದಳು.

ಸಂದೀಪ್ ಅಭಿಜಿತನನ್ನು ತಳ್ಳಿದ್ದು ಐದನೆಯ ಸೆಕೆಂಡಿನಲ್ಲಿ.