ಕವಡೆಗೂ ನೆಟ್‌ವರ್ಕ್ ಬೇಕು

ನೆಟ್‌ವರ್ಕ್ ಇಲ್ಲದಿದ್ದರೆ ಈಗ ಚೌಕಾಬಾರದ ಕವಡೆಯೂ ಅಂಗೈಗೆ ಅಂಟಿಕೊಳ್ಳುತ್ತದೆ, ಬೀಳುವುದಿಲ್ಲ. ಇದ್ದರೆ ಮಾತ್ರ ಸ್ವರ್ಗ. ಮೈಸೂರಿನಲ್ಲಿ ಕನಕವಲ್ಲಿ ಕಾಯಿ ನಡೆಸಿದರೆ, ಹಾಸನದಲ್ಲಿ ತಂಗಿ ಪಂಕಜಳ ಮಣೆಯ ಮೇಲೂ ಅದು ತಾನಾಗಿ ನಡೆಯುತ್ತದೆ. ಕಳ್ಳಾಟಕ್ಕೆ ಮಣೆ ಬಿಡುವುದಿಲ್ಲ. ಸೋತವರು ಹಬ್ಬಕ್ಕೆ ಕರ್ಜಿಕಾಯಿ ಕಳಿಸಬೇಕು.

ಭಾನುವಾರ ಆಟ ಕಾವೇರಿದಾಗಲೇ ನೆಟ್‌ವರ್ಕ್ ಹೋಯಿತು. "ದರಿದ್ರದ್ದು!" ಎಂದು ಬೈಯುತ್ತಲೇ ಕನಕವಲ್ಲಿ ತನ್ನ ಕೊನೆಯ ಕಾಯಿಯನ್ನು ಮೆಲ್ಲಗೆ ನಡುವಿನ ಮನೆಗೆ ಸರಿಸಿ ಹಣ್ಣು ಮಾಡಿಕೊಂಡಳು.

ನೆಟ್‌ವರ್ಕ್ ಮರಳಿತು. ಅವಳ ಕಣ್ಣೆದುರೇ ತಂಗಿಯ ಕೊನೆಯ ಕಾಯಿಯೂ ಜಾರಿಬಂದು ಪಕ್ಕದಲ್ಲೇ ಕೂತಿತು.

"ಲೇ ಕಳ್ಳಿ!" ಎಂದಳು ಕನಕವಲ್ಲಿ.

"ನೀನೇನ್ ಕಮ್ಮಿನಾ ಅಕ್ಕಾ?" ಎಂದು ಮಣೆಯೊಳಗಿಂದ ಪಂಕಜ ನಕ್ಕಳು.

"ಇಬ್ಬರೂ ಸೋತಿದ್ದೀರಿ" ಎಂದು ಮಣೆ ಘೋಷಿಸಿತು.

"ಸರಿ ಬಿಡು. ಅಕ್ಕಾ, ನಿನ್ ಕರ್ಜಿಕಾಯಿಗೆ ಗಸಗಸೆ ಜಾಸ್ತಿ ಇರ್ಲಿ."