ಬಾಡಿಗೆ ಕಿಟಕಿ

ಕಿಟಕಿ ಬಂದದ್ದು ಎತ್ತಿನ ಗಾಡಿಯಲ್ಲಿ, ಕಂಬಳಿ ಹೊದ್ದುಕೊಂಡು. ಏಬ್ನರ್ ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಇಳಿಸಿಕೊಂಡು ಒಳಗೆ ತಂದ. ಮರದ ಚೌಕಟ್ಟು, ನಾಲ್ಕು ಗಾಜು. ಒಂದು ದಿನದ ಬಾಡಿಗೆ, ಮೊಟ್ಟೆಯಿಡುವ ಕೋಳಿ ಒಂದು. ಗೋಡೆಗೆ ಗೂಟ ಬಡಿದು ನೇತುಹಾಕಿದ. ಹಿಂದೆ ಸರಿದು ನೋಡಿದ. ಎಡಕ್ಕೆ ವಾಲಿತ್ತು. ಸರಿಪಡಿಸಿದ.

"ಗೋಡೆ ಕೊರೆಯಲ್ವಾ?" ಅಂದಳು ಹೆಂಡತಿ ಹುಲ್ಡಾ.

"ಒಂದು ದಿನಕ್ಕೆ ಯಾರಾದ್ರೂ ಗೋಡೆ ಕೊರೀತಾರಾ?"

ನೆಬ್ರಾಸ್ಕಾದ ಈ ಬಯಲಿಗೆ ಬಂದ ಮೊದಲ ವರ್ಷ ಅವಳು ಒಂದು ಕಿಟಕಿ ಕೇಳಿದ್ದಳು. ಗೋಧಿ ಬರಲಿ ಅಂದಿದ್ದ. ಗೋಧಿ ಬಂದ ವರ್ಷ ನೇಗಿಲು ಬಂತು. ಮಿಡತೆ ಬಂದ ವರ್ಷ ಏನೂ ಬರಲಿಲ್ಲ. ಆಮೇಲೆ ಯಾವತ್ತೋ ಅವಳು ಕೇಳುವುದನ್ನು ಬಿಟ್ಟಳು. ಬಿಟ್ಟದ್ದು ಏಬ್ನರನ ಗಮನಕ್ಕೆ ಬರಲಿಲ್ಲ. ಹುಲ್ಲು ಬೇರು ಸಮೇತ ಅಗೆದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕಟ್ಟಿದ ಮನೆ ಅದು. ಬಾಗಿಲು ತೆರೆದರೆ ಬೆಳಕು, ಜೊತೆಗೆ ಧೂಳು. ಮುಚ್ಚಿದರೆ ಎರಡೂ ಇಲ್ಲ.

ಆದರೆ ಭೂಮಿ ಕಚೇರಿಯ ಪ್ರಕಾರ ಗಾಜಿನ ಕಿಟಕಿ ಇಲ್ಲದ್ದು ಮನೆಯೇ ಅಲ್ಲ. ಐದು ವರ್ಷ ಉತ್ತು ಬಿತ್ತಿದವನು ಅಲ್ಲೇ ಮನೆ ಮಾಡಿಕೊಂಡು ಬಾಳಿದ್ದಾನೆ, ಮನೆಯಲ್ಲಿ ಕಿಟಕಿ ಇದೆ ಎಂದು ನೆರೆಯವನೊಬ್ಬ ಬೈಬಲ್ ಮುಟ್ಟಿ ಹೇಳಿದರೆ ಜಮೀನು ಅವನದು. ಹೇಳದಿದ್ದರೆ, ಅದೇ ಜಮೀನಿಗೆ ಆಗಲೇ ಅರ್ಜಿ ಹಾಕಿ ಕೂತಿರುವ ಇನ್ನೊಬ್ಬನದು. ಸಾಕ್ಷಿಗೆ ಏಬ್ನರ್ ಕರೆದದ್ದು ಮುದುಕ ಟೋಬಿಯಾಸನನ್ನು. ಅವನು ಸುಳ್ಳು ಹೇಳುವವನಲ್ಲವೆಂದು ಕಚೇರಿಯವರು ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ತೊಂದರೆ ಇದ್ದದ್ದೂ ಅಲ್ಲೇ.

ಟೋಬಿಯಾಸ್ ಮಧ್ಯಾಹ್ನ ಬಂದ. ಮೆಕ್ಕೆಜೋಳದ ರೊಟ್ಟಿ, ಉಪ್ಪು ಹಾಕಿದ ಹಂದಿಮಾಂಸ ತಿಂದ. ಕೈ ಒರೆಸಿಕೊಂಡು ಎದ್ದು ಕಿಟಕಿಯ ಹತ್ತಿರ ಹೋದ.

"ಈ ಮೂಲೆಯ ಬಿರುಕನ್ನ ನಾನು ಬೇರೆಲ್ಲೋ ನೋಡಿದೀನಿ."

"ಗಾಜು ಸಾಮಾನ್ಯವಾಗಿ ಅಲ್ಲೇ ಬಿರಿಯೋದು, ಯಜಮಾನ್ರೇ."

"ಹೌದಾ? ಇದರಲ್ಲಿ ಏನು ಕಾಣುತ್ತಪ್ಪಾ?"

"ಸದ್ಯಕ್ಕೆ ಗೋಡೆ."

"ಯಾರ ಗೋಡೆ?"

"ನಮ್ಮದೇ."

ಮುದುಕ ತಲೆಯಾಡಿಸಿದ. ಒಂದು ಬೆರಳಿನಿಂದ ಚೌಕಟ್ಟನ್ನು ತಳ್ಳಿದ. ಕಿಟಕಿ ಗೂಟದಲ್ಲಿ ಒಮ್ಮೆ ತೂಗಾಡಿ ನಿಂತಿತು.

"ನೋಡು ಏಬ್ನರ್, ನಿನ್ನ ಗೆಯ್ಮೆಗೆ ನಾನು ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ. ಆದ್ರೆ ಗೋಡೆಗೆ ನಾಲ್ಕು ಗಾಜು ನೇತುಹಾಕಿದ್ರೆ ಅದು ಕಿಟಕಿ ಆಗುತ್ತಾ? ನನ್ನ ಟೋಪಿನೂ ನೇತುಹಾಕ್ತೀನಿ. ಅದೂ ಕಿಟಕಿನಾ?"

"ಟೋಪಿಗೆ ಗಾಜಿಲ್ಲವಲ್ಲ."

ಟೋಬಿಯಾಸ್ ನಗಲಿಲ್ಲ. ಒಲೆಯ ಹತ್ತಿರ ನಿಂತಿದ್ದ ಹುಲ್ಡಾಳ ಕಡೆ ತಿರುಗಿದ. "ನೀವು ಹೇಳಿ, ತಾಯಿ. ನಾನು ಕಟ್ಟಿದೋನನ್ನ ಕೇಳಲ್ಲ, ಒಳಗಿರೋರನ್ನ ಕೇಳ್ತೀನಿ. ಇದರಲ್ಲಿ ನೀವು ಆಚೆ ನೋಡ್ತೀರಾ? ನೋಡ್ತೀರಿ ಅಂದ್ರೆ ಕಿಟಕಿ. ಇಲ್ಲಾ ಅಂದ್ರೆ ಬರೀ ಗಾಜು."

ಏಬ್ನರ್ ಅವಳ ಕಣ್ಣಿಗೆ ಕಣ್ಣು ಸೇರಿಸಲು ನೋಡಿದ. ಅವಳು ಅವನತ್ತ ನೋಡಲಿಲ್ಲ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿ ಕಿಟಕಿಯ ಮುಂದೆ ಬಂದು ನಿಂತಳು. ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದಳು, ಬಿಸಿಲಿಗೆ ಹಿಡಿಯುವ ಹಾಗೆ. ಐದು ವರ್ಷದ ಉಳುಮೆ, ಬಾವಿ, ಬೇಲಿ ಎಲ್ಲ ಅವಳ ಬೆನ್ನಿನ ಆಚೆ ಎಲ್ಲೋ ಇತ್ತು.

"ನೋಡ್ತೀನಿ," ಅಂದಳು.

"ಏನು ಕಾಣುತ್ತೆ?"

"ತುಂಬಾ ದೂರದವರೆಗೂ ಕಾಣುತ್ತೆ."

ಟೋಬಿಯಾಸ್ ಇನ್ನೇನೂ ಕೇಳಲಿಲ್ಲ. ಟೋಪಿ ತೆಗೆದುಕೊಂಡು ಹೊರಗೆ ಬಂದ. ಗಾಡಿ ಹತ್ತುವ ಮುಂಚೆ ಏಬ್ನರನ ತೋಳು ಹಿಡಿದು ಪಕ್ಕಕ್ಕೆ ಕರೆದ.

"ನಾಳೆ ಕಚೇರಿಗೆ ಹೋಗಿ ಕಿಟಕಿ ಇದೆ ಅಂತ ಹೇಳಿ ಬರ್ತೀನಿ. ಜಮೀನು ನಿನ್ನದಾಯ್ತು ಅಂದ್ಕೋ."

"ದೊಡ್ಡ ಉಪಕಾರ ಆಯ್ತು ಯಜಮಾನ್ರೇ."

"ಸುಳ್ಳು ಹೇಳೋರ ಮುಖ ನಂಗೆ ಗೊತ್ತಾಗುತ್ತೆ," ಅಂದ ಟೋಬಿಯಾಸ್. "ನಿಮ್ಮಾಕೆ ಸುಳ್ಳು ಹೇಳಲಿಲ್ಲ." ಅವನ ದನಿಯಲ್ಲಿ ಸಂತೋಷವಿರಲಿಲ್ಲ.

ಗಾಡಿ ಹುಲ್ಲಿನಲ್ಲಿ ಮರೆಯಾಗುವವರೆಗೂ ಏಬ್ನರ್ ಅಲ್ಲೇ ನಿಂತಿದ್ದ. ಜಮೀನು ತನ್ನದು ಎಂದು ಒಮ್ಮೆ ಜೋರಾಗಿ ಹೇಳಿ ನೋಡಿದ. ಸುತ್ತ ಕೇಳುವವರು ಇರಲಿಲ್ಲ. ಒಳಗೆ ಬಂದ. ಹುಲ್ಡಾ ಅದೇ ಜಾಗದಲ್ಲಿ ನಿಂತಿದ್ದಳು, ಕೈ ಇನ್ನೂ ಹಣೆಯ ಮೇಲಿತ್ತು. ಒಲೆ ಆರಿತ್ತು.

"ಸರಿ, ಅದನ್ನ ಇಳಿಸ್ತೀನಿ. ಕತ್ತಲಾಗೋದ್ರೊಳಗೆ ವಾಪಸ್ ಮುಟ್ಟಿಸ್ಬೇಕು. ನಾಳೆ ಬೇರೆ ಯಾರಿಗೋ ಬೇಕಂತೆ."

ಅವಳು ಸರಿಯಲಿಲ್ಲ. ಅವನು ಅವಳ ಭುಜದ ಮೇಲಿಂದ ಕೈ ಚಾಚಿ ಚೌಕಟ್ಟು ಹಿಡಿದ.

"ಒಂದು ನಿಮಿಷ ತಡಿ," ಅಂದಳು ಹುಲ್ಡಾ. "ಯಾರೋ ಬರ್ತಿದಾರೆ."

ಏಬ್ನರ್ ಬಾಗಿಲಿನಿಂದ ಹೊರಗೆ ನೋಡಿದ. ಆಕಾಶ ಮುಟ್ಟುವವರೆಗೂ ಹುಲ್ಲು. ಒಂದು ನರಪಿಳ್ಳೆಯೂ ಇರಲಿಲ್ಲ. ತಿರುಗಿ ಕಿಟಕಿಯಲ್ಲೂ ನೋಡಿದ. ಗಾಜಿನ ಆಚೆ ಮಣ್ಣು, ಮಣ್ಣಿನಲ್ಲಿ ಒಣಗಿದ ಬೇರು.

ಚೌಕಟ್ಟಿನಿಂದ ಕೈ ತೆಗೆದ. ಆಮೇಲೆ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಅವಳ ಪಕ್ಕದಲ್ಲಿ ನಿಂತ.